ಮೊಣಕಾಲಲ್ಲಿ ತುಂಬಿದ ನೀರು

ದಾವಣಗೆರೆಯ ಯಾವ ದೊಡ್ಡ ಆಸ್ಪತ್ರೆಯ ಮೂಳೆ ವಿಭಾಗದ ಮುಂದೆಯೂ ಬೆಳಗಿನ ಸಾಲಿನಲ್ಲಿ ಮಂಡಿ ಹಿಡಿದುಕೊಂಡು ಕೂತವರು ಸಿಗುತ್ತಾರೆ. ಹರಿಹರ ತಾಲ್ಲೂಕಿನ ಭದ್ರಾ ನಾಲೆಯ ಗದ್ದೆಗಳಲ್ಲಿ ವರ್ಷಕ್ಕೆರಡು ಸಲ ಬಗ್ಗಿ ನಾಟಿ ಮಾಡುವ ಹೆಂಗಸರು, ಎಪಿಎಂಸಿಯಲ್ಲಿ ಚೀಲ ಹೊರುವ ಹಮಾಲರು, ಮಂಡಕ್ಕಿ ಭಟ್ಟಿಯ ಬೆಂಕಿಯ ಮುಂದೆ ದಿನಗಟ್ಟಲೆ ದುಡಿಯುವವರು, ಹರಿಹರದ ಕಿರ್ಲೋಸ್ಕರ್ ಕಾರ್ಖಾನೆ ಮುಚ್ಚುವವರೆಗೂ ಯಂತ್ರದ ಎದುರು ನಿಂತು ಕೆಲಸ ಮಾಡಿದ ಹಿರಿಯರು, ಜಗಳೂರಿನ ಕಡೆಯ ಕುರಿಗಾಹಿಗಳು. ಎಲ್ಲರ ಕೈಯಲ್ಲೂ ಒಂದು ಪ್ಲಾಸ್ಟಿಕ್ ಚೀಲ, ಅದರಲ್ಲಿ ಎಕ್ಸ್‌ರೇ, ಯೂರಿಕ್ ಆಸಿಡ್ ರಿಪೋರ್ಟು, ಆರ್‌ಎ ಫ್ಯಾಕ್ಟರ್ ರಿಪೋರ್ಟು, ಅರ್ಧ ಖಾಲಿಯಾದ ನೋವಿನ ಗುಳಿಗೆಯ ಹಾಳೆಗಳು. ಆ ಚೀಲದಲ್ಲಿ ಅಪರೂಪಕ್ಕೆ ಮಾತ್ರ ಕಾಣುವ ರಿಪೋರ್ಟು ಒಂದಿದೆ: ಊದಿದ ಕೀಲಿನಿಂದಲೇ ತೆಗೆದ ನೀರಿನ ಪರೀಕ್ಷೆಯದು.

ಈ ಲೇಖನದ ವಾದ ಸರಳ. ಕೀಲು ಊದಿ ನೀರು ತುಂಬಿದೆಯೆಂದರೆ, ಅದರೊಳಗೆ ಯಾವುದೇ ಔಷಧ ಚುಚ್ಚುವ ಮೊದಲು, ತಿಂಗಳುಗಟ್ಟಲೆ ಗುಳಿಗೆ ನುಂಗಿಸುವ ಮೊದಲು, ಅದರಿಂದ ಒಂದಿಷ್ಟು ತೆಗೆದು ನೋಡಬೇಕು. ರಕ್ತಪರೀಕ್ಷೆಯೂ ಎಕ್ಸ್‌ರೇಯೂ ಊಹೆಯ ದಾರಿ ತೋರಿಸುತ್ತವೆ. ರೋಗ ಇರುವ ಜಾಗದಿಂದಲೇ ಸಾಕ್ಷಿ ತರುವುದು ಈ ನೀರು. ಐದು ನಿಮಿಷದ ಕೆಲಸ, ದುಬಾರಿ ಯಂತ್ರವೇನೂ ಬೇಡ. ಆದರೂ ಆಗುವುದಿಲ್ಲ. ಯಾಕೆ ಆಗಬೇಕು, ಎಲ್ಲಿ ಬೇಡ, ಆದಮೇಲೆ ಚಿಕಿತ್ಸೆ ಹೇಗೆ ಬದಲಾಗುತ್ತದೆ ಎಂಬುದನ್ನು ಈ ಊರುಗಳನ್ನೇ ಕಣ್ಣಮುಂದೆ ಇಟ್ಟುಕೊಂಡು ನೋಡಬೇಕಾಗಿದೆ.

ಆರೋಗ್ಯವಂತ ಮೊಣಕಾಲಿನಲ್ಲಿ ಇರುವ ನೀರು ಮೂರು ನಾಲ್ಕು ಮಿಲಿಲೀಟರ್‌ಗಿಂತ ಹೆಚ್ಚಲ್ಲ. ಕೀಲಿನ ಒಳಗೋಡೆಗೆ ಅಂಟಿಕೊಂಡ ತೆಳುಪೊರೆಯೊಂದು ರಕ್ತದ ದ್ರವವನ್ನು ಸೋಸಿ ಒಳಗೆ ಬಿಡುತ್ತದೆ, ಅದಕ್ಕೆ ತಾನೇ ತಯಾರಿಸಿದ ಹೈಯಲುರಾನಿಕ್ ಆಮ್ಲವನ್ನೂ ಸೇರಿಸುತ್ತದೆ. ಅದರಿಂದಲೇ ಈ ನೀರಿಗೆ ಅಂಟು. ಸಿರಿಂಜಿನ ತುದಿಯಿಂದ ಒಂದು ಹನಿ ಬಿಟ್ಟರೆ ಬೆಲ್ಲದ ಎಳೆಪಾಕದಂತೆ ದಾರವಾಗಿ ಇಳಿಯಬೇಕು. ಮೂಳೆಯ ತುದಿಯನ್ನು ಹೊದ್ದಿರುವ ಮೃದ್ವಸ್ಥಿಗೆ ರಕ್ತನಾಳಗಳೇ ಇಲ್ಲ, ಅದಕ್ಕೆ ಆಹಾರ ಸಿಗುವುದು ಬಹುಪಾಲು ಈ ನೀರಿನಿಂದ. ಕಾಲು ಮಡಿಸಿ ಬಿಡಿಸಿದಾಗ ಒತ್ತಡ ಏರಿ ಇಳಿದು ನೀರು ಮೃದ್ವಸ್ಥಿಯೊಳಗೆ ಹೋಗಿ ಬರುತ್ತದೆ. ಹಾಗಾಗಿ ನೋವೆಂದು ಪೂರ್ತಿ ಕೂತುಬಿಟ್ಟ ಮೊಣಕಾಲು ಹಸಿದಿರುತ್ತದೆ. ‘ಮಂಡಿಯ ಗ್ರೀಸ್ ಮುಗಿದಿದೆ’ ಎಂದು ನಂಬಿ ನಡಿಗೆಯನ್ನೇ ಬಿಟ್ಟವರಿಗೆ ಇದನ್ನು ಮೊದಲು ಹೇಳಬೇಕು. ಸವೆದ ಮೊಣಕಾಲಿನಲ್ಲೂ ನೀರು ಬತ್ತಿರುವುದಿಲ್ಲ. ಎಷ್ಟೋ ಸಲ ಜಾಸ್ತಿಯೇ ಇರುತ್ತದೆ, ಅದರ ಗುಣ ಮಾತ್ರ ಕೆಟ್ಟಿರುತ್ತದೆ.

ಕೀಲಿಗೆ ಚುಚ್ಚುಮದ್ದು ಹಾಕುವ ಪದ್ಧತಿಗೂ ಕೀಲಿನ ನೀರನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಪದ್ಧತಿಗೂ ಒಂದೇ ಮನೆತನ. ಅಮೆರಿಕದ ಫಿಲಡೆಲ್ಫಿಯಾದ ಜೋಸೆಫ್ ಹೋಲ್ಯಾಂಡರ್ 1951ರಲ್ಲಿ ಕೀಲಿನೊಳಗೆ ಸ್ಟೀರಾಯ್ಡ್ ಚುಚ್ಚುವ ಚಿಕಿತ್ಸೆಯನ್ನು ಪ್ರಕಟಿಸಿದರು. ಹತ್ತು ವರ್ಷದ ಮೇಲೆ, 1961ರಲ್ಲಿ, ಅದೇ ಹೋಲ್ಯಾಂಡರ್ ಮತ್ತು ಡೇನಿಯಲ್ ಮೆಕಾರ್ಟಿ ಸೇರಿ ಗೌಟ್ ಎಂಬ ಕೀಲುರೋಗ ಇರುವವರ ಕೀಲಿನ ನೀರಿನಲ್ಲಿ ಯೂರೇಟ್, ಅಂದರೆ ಯೂರಿಕ್ ಆಸಿಡ್‌ನ, ಹರಳುಗಳಿರುವುದನ್ನು ಧ್ರುವೀಕೃತ ಬೆಳಕಿನಲ್ಲಿ ತೋರಿಸಿದರು. ಮರುವರ್ಷ ಮೆಕಾರ್ಟಿ ತಂಡ ಗೌಟ್‌ನಂತೆಯೇ ಕಾಣುವ, ಆದರೆ ಕ್ಯಾಲ್ಸಿಯಂ ಪೈರೋಫಾಸ್ಫೇಟ್ ಹರಳಿನಿಂದ ಬರುವ ಇನ್ನೊಂದು ರೋಗವನ್ನು ಬೇರ್ಪಡಿಸಿತು. ಅದಕ್ಕೂ ಮುಂಚೆ 1953ರಲ್ಲಿ ಮೇರಿಯನ್ ರೋಪ್ಸ್ ಮತ್ತು ವಾಲ್ಟರ್ ಬಾಯರ್ ಕೀಲುರೋಗಗಳಲ್ಲಿ ಈ ನೀರು ಹೇಗೆ ಬದಲಾಗುತ್ತದೆ ಎಂಬ ಬಗ್ಗೆ ಒಂದು ಪುಸ್ತಕವನ್ನೇ ಬರೆದಿದ್ದರು. ಅಂದರೆ ಇದು ಹೊಸ ವಿದ್ಯೆಯಲ್ಲ. ದಾವಣಗೆರೆಯಲ್ಲಿ ಜೆಜೆಎಂ ವೈದ್ಯಕೀಯ ಕಾಲೇಜು ಶುರುವಾದ 1965ಕ್ಕಿಂತಲೂ ಹಳೆಯದು. ಎರಡು ಸೂಜಿಗಳಲ್ಲಿ ಹಾಕುವ ಸೂಜಿ ನಮ್ಮ ಊರಿನ ಗಲ್ಲಿಗಲ್ಲಿ ತಲುಪಿತು, ತೆಗೆಯುವ ಸೂಜಿ ಹಿಂದೆ ಉಳಿಯಿತು.

ತೆಗೆದ ನೀರು ಲ್ಯಾಬ್ ಸೇರುವ ಮುಂಚೆಯೇ ಅರ್ಧ ವಿಷಯ ಹೇಳಿಬಿಡುತ್ತದೆ. ಗಾಜಿನ ಕೊಳವೆಯ ಹಿಂದೆ ಅಂದಿನ ‘ಜನತಾವಾಣಿ’ ಪತ್ರಿಕೆ ಹಿಡಿದು ನೋಡಿ. ಅಕ್ಷರ ಸ್ಪಷ್ಟವಾಗಿ ಓದಲಾದರೆ ಅದು ಸವೆತದ ಕೀಲಿರಬೇಕು, ಇಲ್ಲವೇ ಹಳೆಯ ಪೆಟ್ಟಿನದು. ಅಕ್ಷರ ಮಸುಕಾದರೆ ಒಳಗೆ ಉರಿಯೂತವಿದೆ: ರುಮಟಾಯ್ಡ್ ಸಂಧಿವಾತ, ಗೌಟ್, ಅಥವಾ ಸೋಂಕು. ಏನೂ ಕಾಣದಷ್ಟು ಗಟ್ಟಿಯಾಗಿ ಹಳದಿ ಹಸಿರು ಬಣ್ಣವಿದ್ದರೆ ಕೀವು ಎಂದುಕೊಂಡೇ ಮುಂದುವರಿಯಬೇಕು. ರಕ್ತ ಬಂದರೆ ಕಾರಣಗಳ ಪಟ್ಟಿಯೇ ಬೇರೆ. ರಕ್ತದ ಮೇಲೆ ಎಣ್ಣೆಯ ಹನಿಗಳು ತೇಲಿದರೆ ಕೀಲಿನೊಳಗೆ ಮೂಳೆ ಮುರಿದಿದೆ, ಮಜ್ಜೆಯ ಕೊಬ್ಬು ಹೊರಬಂದಿದೆ ಎಂದರ್ಥ. ಎಕ್ಸ್‌ರೇಯಲ್ಲಿ ಕಾಣದ ಬಿರುಕನ್ನೂ ಹೀಗೆ ಹಿಡಿಯಬಹುದು.

ಆಮೇಲೆ ಕಣಗಳ ಎಣಿಕೆ. ಒಂದು ಘನ ಮಿಲಿಮೀಟರ್‌ನಲ್ಲಿ ಬಿಳಿ ರಕ್ತಕಣ 200ರೊಳಗಿದ್ದರೆ ಆರೋಗ್ಯ, 2,000ದವರೆಗೆ ಸವೆತದಂಥ ಉರಿಯೂತವಿಲ್ಲದ ರೋಗ, ಅದಕ್ಕೂ ಮೇಲೆ ಉರಿಯೂತ, 50,000 ದಾಟಿ ಅದರಲ್ಲಿ ಮುಕ್ಕಾಲಿಗೂ ಹೆಚ್ಚು ನ್ಯೂಟ್ರೋಫಿಲ್ ಕಣಗಳಿದ್ದರೆ ಸೋಂಕಿನ ಅನುಮಾನ ಬಲವಾಗುತ್ತದೆ. ಈ ಗಡಿಗಳು ಕಲ್ಲಿನ ಗೋಡೆಗಳಲ್ಲ. ಗೌಟ್‌ನ ಜೋರಾದ ದಾಳಿಯಲ್ಲೂ ಎಣಿಕೆ 50,000 ದಾಟಬಹುದು, ಸಕ್ಕರೆ ಕಾಯಿಲೆಯವರಲ್ಲಿ ನಿಜವಾದ ಸೋಂಕು ಇದ್ದೂ ಎಣಿಕೆ ಕಡಿಮೆ ಇರಬಹುದು. ಎಣಿಕೆಯ ಜೊತೆಗೆ ಗ್ರಾಮ್ ಬಣ್ಣದ ಪರೀಕ್ಷೆ, ರೋಗಾಣು ಬೆಳೆಸಿ ನೋಡುವ ಕಲ್ಚರ್, ಹರಳಿನ ಹುಡುಕಾಟ ಮೂರೂ ಬೇಕಾಗುವುದು ಇದಕ್ಕೇ. ಗ್ರಾಮ್ ಬಣ್ಣದಲ್ಲಿ ರೋಗಾಣು ಕಾಣಲಿಲ್ಲವೆಂದು ಸೋಂಕಿಲ್ಲ ಎನ್ನಲಾಗದು. ಸೋಂಕು ಖಚಿತವಾದವರಲ್ಲೂ ಅರ್ಧದಷ್ಟು ಜನರಲ್ಲಿ ಅದು ಕಾಣುವುದಿಲ್ಲ.

ಲ್ಯಾಬಿನವರು ಮತ್ತು ನೀರು ಕಳಿಸುವವರು ಇಬ್ಬರೂ ಎಡವುವ ಕೆಲವು ಜಾಗಗಳನ್ನು ಇಲ್ಲಿ ಹೇಳಲೇಬೇಕು, ಏಕೆಂದರೆ ಕೆಟ್ಟ ಮಾದರಿಯ ರಿಪೋರ್ಟು ರಿಪೋರ್ಟೇ ಇಲ್ಲದಿರುವುದಕ್ಕಿಂತ ಕೆಡುಕು. ರಕ್ತದ ಬಿಳಿಕಣ ಎಣಿಸಲು ಬಳಸುವ ಅಸಿಟಿಕ್ ಆಮ್ಲದ ದ್ರಾವಣವನ್ನು ಕೀಲಿನ ನೀರಿಗೆ ಹಾಕಿದರೆ ಅಂಟು ಹೆಪ್ಪುಗಟ್ಟಿ ಕಣಗಳೆಲ್ಲ ಅದರಲ್ಲಿ ಸಿಕ್ಕಿಹಾಕಿಕೊಳ್ಳುತ್ತವೆ, ಎಣಿಕೆ ಸುಳ್ಳಾಗುತ್ತದೆ. ಇಲ್ಲಿ ಬೇಕಾದದ್ದು ಬರೀ ಸಲೈನ್. ಎಣಿಕೆಗೆ ನೇರಳೆ ಮುಚ್ಚಳದ ಇಡಿಟಿಎ ಕೊಳವೆ ಸರಿ, ಆದರೆ ಕೆಲವು ಹೆಪ್ಪುನಿರೋಧಕ ಪುಡಿಗಳು ತಾವೇ ಹರಳಿನಂತೆ ಕಂಡು ಮೋಸ ಮಾಡುತ್ತವೆ. ಹರಳಿಗೆ ತಾಜಾ ಹನಿಯನ್ನು ನೇರವಾಗಿ ಗಾಜಿನ ಮೇಲಿಟ್ಟು ನೋಡುವುದೇ ಉತ್ತಮ. ಕಲ್ಚರ್‌ಗೆ ಒಂದಿಷ್ಟು ನೀರನ್ನು ರಕ್ತದ ಕಲ್ಚರ್ ಬಾಟಲಿಗೆ ಮಂಚದ ಪಕ್ಕದಲ್ಲೇ ಹಾಕಿದರೆ ರೋಗಾಣು ಬೆಳೆಯುವ ಸಾಧ್ಯತೆ ಹೆಚ್ಚು. ಎಲ್ಲಕ್ಕಿಂತ ಮುಖ್ಯ, ಆಂಟಿಬಯಾಟಿಕ್ ಕೊಡುವ ಮೊದಲೇ ನೀರು ತೆಗೆದಿರಬೇಕು.

ಹರಳು ನೋಡಲು ವಿಶೇಷ ಸೂಕ್ಷ್ಮದರ್ಶಕ ಬೇಕು, ಅದು ಎಲ್ಲಿಂದ ತರುವುದು ಎಂಬ ಮಾತು ಕೇಳಿಬರುತ್ತದೆ. ಸಾಮಾನ್ಯ ಸೂಕ್ಷ್ಮದರ್ಶಕಕ್ಕೆ ಎರಡು ಪೋಲರಾಯ್ಡ್ ಹಾಳೆ ಹೊಂದಿಸಿದರೆ ಕತ್ತಲ ಹಿನ್ನೆಲೆಯಲ್ಲಿ ಯೂರೇಟ್ ಸೂಜಿಗಳು ಹೊಳೆಯುತ್ತವೆ. ಬಣ್ಣದಿಂದ ಎರಡು ಬಗೆಯ ಹರಳನ್ನು ಬೇರ್ಪಡಿಸಲು ಬೇಕಾಗುವ ಕಾಂಪೆನ್ಸೇಟರ್ ಎಂಬ ತುಣುಕಿನ ಬದಲಿಗೆ ಅಂಗಡಿಯಲ್ಲಿ ಸಿಗುವ ಸೆಲೋಫೇನ್ ಟೇಪನ್ನೇ ಗಾಜಿಗೆ ಅಂಟಿಸಿ ಬಳಸಬಹುದೆಂದು ಫಾಗನ್ ಮತ್ತು ಲಿಡ್‌ಸ್ಕಿ 1974ರಲ್ಲೇ ಬರೆದಿದ್ದಾರೆ. ಯೂರೇಟ್ ಹರಳು ಸೂಜಿಯಾಕಾರ, ಕಾಂಪೆನ್ಸೇಟರ್‌ನ ಅಕ್ಷಕ್ಕೆ ಸಮಾನಾಂತರವಾಗಿದ್ದಾಗ ಹಳದಿ. ಪೈರೋಫಾಸ್ಫೇಟ್ ಹರಳು ಗಿಡ್ಡ, ಓರೆ ಚೌಕದಂಥದ್ದು, ಅದೇ ದಿಕ್ಕಿನಲ್ಲಿ ನಸು ನೀಲಿ. ಎರಡು ವೈದ್ಯಕೀಯ ಕಾಲೇಜುಗಳಿರುವ ಊರಿಗೆ ಇದು ಕಷ್ಟವಲ್ಲ, ಬೇಕು ಎಂಬ ಮನಸ್ಸು ಬೇಕು.

ಗೌಟ್ ವಿಷಯದಲ್ಲಿ ಈ ಹರಳಿನ ಬೆಲೆ ಎಷ್ಟೆಂದು ಯೂರಿಕ್ ಆಸಿಡ್ ರಿಪೋರ್ಟು ಹಿಡಿದು ಬರುವವರನ್ನು ನೋಡಿದರೆ ತಿಳಿಯುತ್ತದೆ. ರಕ್ತದಲ್ಲಿ ಯೂರಿಕ್ ಆಸಿಡ್ ಹೆಚ್ಚಿರುವ ಬಹಳಷ್ಟು ಜನರಿಗೆ ಎಂದೂ ಗೌಟ್ ಬರುವುದಿಲ್ಲ. ಗೌಟ್ ದಾಳಿ ನಡೆಯುತ್ತಿರುವಾಗಲೇ ಕೆಲವರ ರಕ್ತದಲ್ಲಿ ಅದು ಸಹಜ ಮಟ್ಟಕ್ಕೆ ಇಳಿದಿರುತ್ತದೆ. ಹೀಗಾಗಿ 7.4 ಎಂದು ಬಂದ ರಿಪೋರ್ಟಿನ ಮೇಲೆ ಬೇಳೆ, ಪಾಲಕ್, ಟೊಮೆಟೊ ಎಲ್ಲ ಬಿಟ್ಟು, ಜೀವನಪೂರ್ತಿ ಗುಳಿಗೆ ನುಂಗುವ ಮೊಣಕಾಲು ಸವೆತದ ಅಜ್ಜಿಯರೂ ಇದ್ದಾರೆ. ನಿಜವಾದ ಗೌಟ್ ಇದ್ದೂ ‘ಯೂರಿಕ್ ಆಸಿಡ್ ನಾರ್ಮಲ್’ ಎಂದು ಚಿಕಿತ್ಸೆ ಸಿಗದೆ ವರ್ಷಕ್ಕೆ ನಾಲ್ಕು ಸಲ ಹಾಸಿಗೆ ಹಿಡಿಯುವ ಗಂಡಸರೂ ಇದ್ದಾರೆ. ಒಂದು ಹನಿ ನೀರು ಇಬ್ಬರ ದಾರಿಯನ್ನೂ ನೇರ ಮಾಡುತ್ತದೆ. ಗೌಟ್ ಎಂದು ಖಚಿತವಾದವರಿಗೆ ದಾಳಿಯ ಹೊತ್ತಿನಲ್ಲಿ ಕಾಲ್ಚಿಸಿನ್ ಕಡಿಮೆ ಪ್ರಮಾಣದಲ್ಲಿ ಸಾಕು, ಭೇದಿಯಾಗುವವರೆಗೆ ಗಂಟೆಗೊಂದು ನುಂಗಿಸುತ್ತಿದ್ದ ಹಳೆಯ ಪದ್ಧತಿ ಈಗಿಲ್ಲ. ಆಮೇಲೆ ಅಲೋಪ್ಯೂರಿನಾಲ್ ದಿನಕ್ಕೆ 100 ಮಿಲಿಗ್ರಾಂ ಅಥವಾ ಅದಕ್ಕೂ ಕಡಿಮೆಯಿಂದ ಶುರುಮಾಡಿ, ರಕ್ತದ ಯೂರಿಕ್ ಆಸಿಡ್ 6ಕ್ಕಿಂತ ಕೆಳಗೆ ನಿಲ್ಲುವವರೆಗೆ ನಿಧಾನಕ್ಕೆ ಏರಿಸಬೇಕು. ನೋವು ಹೋಯಿತೆಂದು ನಿಲ್ಲಿಸುವುದೇ ಇಲ್ಲಿ ಆಗುವ ದೊಡ್ಡ ತಪ್ಪು.

ಕೀವಿನ ಕೀಲಿನ ಲೆಕ್ಕ ಗಂಟೆಗಳದು. ಸ್ಟಫೈಲೊಕಾಕಸ್ ಆರಿಯಸ್‌ನಂಥ ರೋಗಾಣು ಒಳಹೊಕ್ಕ ಕೀಲಿನ ಮೃದ್ವಸ್ಥಿ ಕೆಲವೇ ದಿನಗಳಲ್ಲಿ ಮರಳಿ ಬಾರದಂತೆ ಹಾಳಾಗುತ್ತದೆ, ಜೀವಕ್ಕೂ ಅಪಾಯ. ಇದ್ದಕ್ಕಿದ್ದಂತೆ ಒಂದೇ ಕೀಲು ಊದಿ, ಕೆಂಪಾಗಿ, ಬಿಸಿಯಾಗಿ, ಅಲ್ಲಾಡಿಸಲಾಗದಂತೆ ನೋಯುತ್ತಿದ್ದರೆ ಜ್ವರ ಇರಲಿ ಬಿಡಲಿ, ಅಂದೇ ನೀರು ತೆಗೆಯುವ ಆಸ್ಪತ್ರೆ ಸೇರಬೇಕು. ಎಣ್ಣೆ ತಿಕ್ಕಿ, ಪಟ್ಟು ಹಾಕಿ, ಬೆಳಗಾಗಲಿ ನೋಡೋಣ ಎಂದು ಕಾಯುವುದರಲ್ಲಿ ಮಕ್ಕಳ ಸೊಂಟದ ಕೀಲುಗಳು ಹೋಗಿವೆ. ಹರಿಹರದಿಂದ ದಾವಣಗೆರೆಗೆ ಹದಿನಾಲ್ಕು ಹದಿನೈದು ಕಿಲೋಮೀಟರ್, ಅರ್ಧ ಗಂಟೆಯ ದಾರಿ. ಈ ದೂರ ಅಡ್ಡಿಯಾಗಬಾರದು.

ಕ್ಷಯ ಇದಕ್ಕೆ ತದ್ವಿರುದ್ಧ, ಅದು ತಿಂಗಳುಗಟ್ಟಲೆ ಮೆಲ್ಲಗೆ ತಿನ್ನುತ್ತದೆ. ಒಂದೇ ಮೊಣಕಾಲು ವರ್ಷದಿಂದ ಊದಿದೆ, ತೊಡೆಯ ಸ್ನಾಯು ಬತ್ತಿದೆ, ಸಂಜೆಯ ಜ್ವರ, ತೂಕ ಇಳಿದಿದೆ ಎಂದರೆ ನಮ್ಮ ದೇಶದಲ್ಲಿ ಕ್ಷಯವನ್ನು ನೆನೆಯಲೇಬೇಕು. ಕೀಲಿನ ನೀರಿನಲ್ಲಿ ಕ್ಷಯದ ರೋಗಾಣು ನೇರವಾಗಿ ಕಾಣುವುದು ಐವರಲ್ಲಿ ಒಬ್ಬರಿಗೆ ಮಾತ್ರ. ಕಲ್ಚರ್ ಹೆಚ್ಚು ಹಿಡಿಯುತ್ತದೆ, ಆದರೆ ವಾರಗಟ್ಟಲೆ ಕಾಯಿಸುತ್ತದೆ. ಈಗ ಸಿಬಿನ್ಯಾಟ್, ಬೆಂಗಳೂರಿನ ಬಿಗ್‌ಟೆಕ್‌ನಲ್ಲಿ ರೂಪುಗೊಂಡು 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮನ್ನಣೆ ಪಡೆದ ಟ್ರೂನ್ಯಾಟ್‌ನಂಥ ಅಣುಪರೀಕ್ಷೆಗಳು ಇವೆ. ಅವೂ ಇಲ್ಲವೆಂದರೆ, ಅನುಮಾನ ಉಳಿದಿದ್ದರೆ, ಕೀಲಿನ ಪೊರೆಯ ಒಂದು ಚೂರನ್ನೇ ತೆಗೆದು ನೋಡಬೇಕಾಗುತ್ತದೆ. ಚಿಕಿತ್ಸೆ ಸರ್ಕಾರದಿಂದ ಉಚಿತ, ಆದರೆ ಮೂಳೆ ಕೀಲಿನ ಕ್ಷಯಕ್ಕೆ ಕನಿಷ್ಠ ಒಂದು ವರ್ಷ. ಇಂಥ ಮೊಣಕಾಲಿಗೆ ನೀರು ನೋಡದೆ ಸ್ಟೀರಾಯ್ಡ್ ಚುಚ್ಚಿದರೆ ನಾಲ್ಕು ವಾರ ಹಾಯೆನಿಸುತ್ತದೆ, ಆಮೇಲೆ ರೋಗ ಮೂಳೆಯೊಳಗೆ ಇಳಿದಿರುತ್ತದೆ.

ಬಯಲುಸೀಮೆಯ ಕುರಿಗಾಹಿಗಳ ವಿಷಯ ಬೇರೆಯಾಗಿಯೇ ಹೇಳಬೇಕು. ಕುರಿ, ಮೇಕೆ, ದನದಿಂದ ಮನುಷ್ಯರಿಗೆ ಬರುವ ಬ್ರೂಸೆಲ್ಲೋಸಿಸ್ ಬಿಟ್ಟುಬಿಟ್ಟು ಬರುವ ಜ್ವರದ ಜೊತೆಗೆ ಕೀಲುನೋವನ್ನೂ ತರುತ್ತದೆ. ಸೊಂಟ, ಮೊಣಕಾಲು, ಬೆನ್ನಿನ ಕೆಳಭಾಗ ಅದಕ್ಕೆ ಪ್ರಿಯ. ಉತ್ತರ ಕರ್ನಾಟಕದಲ್ಲಿ ಈ ರೋಗ ಎಷ್ಟು ಹರಡಿದೆ ಎಂಬುದನ್ನು ನಮಗೆ ತೋರಿಸಿದವರು ಬಿ.ಜಿ. ಮಂಟೂರ ಮತ್ತು ಅವರ ಸಂಗಡಿಗರು. ವಿಜಯಪುರದಲ್ಲಿ 16 ವರ್ಷಗಳಲ್ಲಿ ಪತ್ತೆಯಾದ 495 ವಯಸ್ಕ ರೋಗಿಗಳ ವಿವರವನ್ನು ಅವರು 2006ರಲ್ಲಿ ಪ್ರಕಟಿಸಿದರು. ಹುಡುಕಿದ ಊರಲ್ಲಿ ಸಿಕ್ಕಿತು, ಹುಡುಕದ ಊರಲ್ಲಿ ಅದು ‘ವಾತ’ವಾಗಿ ಉಳಿಯಿತು. ಜಗಳೂರು, ಹರಪನಹಳ್ಳಿ ಕಡೆಯಿಂದ ಬರುವವರನ್ನು ‘ಕುರಿ ಸಾಕಿದ್ದೀರಾ? ಮರಿ ಹಾಕಿಸುವಾಗ ಕೈಹಾಕಿದ್ದೀರಾ? ಕಾಯಿಸದ ಹಾಲು ಕುಡಿದಿರಾ?’ ಎಂದು ಕೇಳಲು ಒಂದು ನಿಮಿಷ ಸಾಕು. ಅನುಮಾನವಿದ್ದರೆ ಲ್ಯಾಬಿಗೆ ಮೊದಲೇ ತಿಳಿಸಬೇಕು. ಈ ರೋಗಾಣು ನಿಧಾನಕ್ಕೆ ಬೆಳೆಯುತ್ತದೆ, ಬಾಟಲಿಯನ್ನು ಬೇಗ ಎಸೆಯಬಾರದು, ಅದಕ್ಕಿಂತ ಹೆಚ್ಚಾಗಿ ಅದು ಲ್ಯಾಬಿನವರಿಗೇ ಅಂಟಿಕೊಳ್ಳಬಲ್ಲದು. ಚಿಕಿತ್ಸೆ ಎರಡು ಔಷಧ ಸೇರಿಸಿ ಕನಿಷ್ಠ ಆರು ವಾರ.

ದಾವಣಗೆರೆಗೆ ಕೀಲುರೋಗದ ಭೂಪಟದಲ್ಲಿ ಸ್ವಂತದ ಜಾಗವೊಂದು ಇದೆಯೆಂದರೆ ಅದು ರಕ್ತ ತುಂಬಿದ ಕೀಲಿನಿಂದ. ಹಿಮೋಫಿಲಿಯಾ, ಪತ್ರಿಕೆಗಳಲ್ಲಿ ಕುಸುಮ ರೋಗ ಎಂದು ಓದುವ ಆ ಹುಟ್ಟುಕಾಯಿಲೆಯಲ್ಲಿ, ರಕ್ತ ಹೆಪ್ಪುಗಟ್ಟಿಸುವ ಎಂಟನೆಯ ಅಥವಾ ಒಂಬತ್ತನೆಯ ಅಂಶ ಕೊರತೆಯಾಗಿರುತ್ತದೆ. ಎಂಟನೆಯದರ ಕೊರತೆ ಸುಮಾರು 5,000 ಗಂಡುಮಕ್ಕಳಲ್ಲಿ ಒಬ್ಬರಿಗೆ. ತಾಯಿಯ ಕಡೆಯಿಂದ ಹರಿದುಬರುತ್ತದೆ, ಗಂಡುಮಕ್ಕಳಲ್ಲಿ ಕಾಣಿಸಿಕೊಳ್ಳುತ್ತದೆ. ಮಗು ಅಂಬೆಗಾಲಿಟ್ಟು ಎದ್ದು ನಡೆಯುವ ಹೊತ್ತಿಗೆ ಮೊಣಕಾಲು, ಹರಡು, ಮೊಣಕೈ ಸುಮ್ಮನೆ ಊದಿಕೊಳ್ಳುತ್ತವೆ. ಒಳಗೆ ತುಂಬಿದ ರಕ್ತದ ಕಬ್ಬಿಣ ಪೊರೆಯನ್ನು ಕೆರಳಿಸಿ ದಪ್ಪಗಾಗಿಸುತ್ತದೆ, ದಪ್ಪಗಾದ ಪೊರೆಯಿಂದ ಮತ್ತೆ ಸುಲಭವಾಗಿ ರಕ್ತ ಸುರಿಯುತ್ತದೆ. ಆರು ತಿಂಗಳಲ್ಲಿ ಒಂದೇ ಕೀಲಿನಲ್ಲಿ ಮೂರು ಸಲ ಹೀಗಾದರೆ ಆ ಕೀಲು ಸರಪಳಿಯಲ್ಲಿ ಸಿಕ್ಕಿದಂತೆ. ಹಿಂದೆ ಇಂಥ ಹುಡುಗರು ಇಪ್ಪತ್ತು ದಾಟುವ ಮೊದಲೇ ಮಂಡಿ ಮಡಿಸಲಾಗದೆ ಮನೆಯ ಮೂಲೆ ಸೇರುತ್ತಿದ್ದರು.

ಈ ಹುಡುಗರಿಗಾಗಿ ದಾವಣಗೆರೆಯಲ್ಲಿ ಕರ್ನಾಟಕ ಹಿಮೋಫಿಲಿಯಾ ಸೊಸೈಟಿಯನ್ನು ಕಟ್ಟಿ ಬೆಳೆಸಿದವರು ಡಾ. ಸುರೇಶ್ ಹನಗವಾಡಿ. ಜೆಜೆಎಂ ಕಾಲೇಜಿನಲ್ಲಿ ರೋಗನಿದಾನಶಾಸ್ತ್ರ ಕಲಿಸಿದವರು, ಸ್ವತಃ ಹಿಮೋಫಿಲಿಯಾದೊಂದಿಗೆ ಬದುಕುತ್ತಿರುವವರು. ರೋಗಿಯಾಗಿ ಅನುಭವಿಸಿದ್ದನ್ನೂ ಸೂಕ್ಷ್ಮದರ್ಶಕದಲ್ಲಿ ಕಂಡದ್ದನ್ನೂ ಒಟ್ಟಿಗೆ ಹಿಡಿದು ಒಂದು ಜಿಲ್ಲಾ ಊರಿನಲ್ಲಿ ಪತ್ತೆ, ಚಿಕಿತ್ಸೆ, ವ್ಯಾಯಾಮ, ಮನೆಯವರಿಗೆ ತಿಳಿವಳಿಕೆ ಎಲ್ಲ ಒಂದೇ ಕಡೆ ಸಿಗುವಂತೆ ಮಾಡಿದ್ದು ದೊಡ್ಡ ಕೆಲಸ. ಬೆಂಗಳೂರಿಗೆ ಹೋಗದೆ ಇಂಥ ಕೆಲಸ ಆಗದು ಎಂಬ ಮಾತಿಗೆ ಇದು ಉತ್ತರ.

ಹಿಮೋಫಿಲಿಯಾದಲ್ಲಿ ನನ್ನ ವಾದಕ್ಕೆ ಒಂದು ಮುಖ್ಯ ತಿದ್ದುಪಡಿ ಇದೆ, ಅದನ್ನು ಒತ್ತಿ ಹೇಳುತ್ತೇನೆ. ಇಲ್ಲಿ ಸೂಜಿ ಮೊದಲಲ್ಲ. ಕೀಲು ಬಿಗಿಯುತ್ತಿದೆ, ಜುಮ್ಮೆನ್ನುತ್ತಿದೆ ಎಂದು ಹುಡುಗ ಹೇಳಿದ ಕೂಡಲೇ, ಎರಡು ಗಂಟೆಯೊಳಗೆ, ಕೊರತೆಯಿರುವ ಅಂಶವನ್ನು ರಕ್ತನಾಳಕ್ಕೆ ಕೊಡಬೇಕು. ಊತ ವಿಪರೀತವಾಗಿ ನೋವು ಇಳಿಯದಿದ್ದರೆ, ಸೋಂಕಿನ ಅನುಮಾನವಿದ್ದರೆ, ಆಗ ಮಾತ್ರ ಅಂಶ ಕೊಟ್ಟ ಮೇಲೆ ನೀರು ತೆಗೆಯುವುದು. ಗೊತ್ತಿಲ್ಲದೆ ಚುಚ್ಚಿದ ಸೂಜಿಯೇ ಹೊಸ ರಕ್ತಸ್ರಾವಕ್ಕೆ ದಾರಿ. ಸೊಂಟಕ್ಕೆ ಹಾಕುವ ನೋವಿನ ಇಂಜೆಕ್ಷನ್, ಆಸ್ಪಿರಿನ್, ಡೈಕ್ಲೋಫಿನಾಕ್ ಇವರಿಗೆ ಕೂಡದು, ಪ್ಯಾರಾಸಿಟಮಾಲ್ ಆಗುತ್ತದೆ. ಆದ್ದರಿಂದ ಗಂಡುಮಗುವಿನ ಕೀಲು ಪೆಟ್ಟಿಲ್ಲದೆ ಊದಿದರೆ ಸೂಜಿ ಹಿಡಿಯುವ ಮೊದಲು ‘ತಾಯಿಯ ಅಣ್ಣತಮ್ಮಂದಿರಲ್ಲಿ ಯಾರಿಗಾದರೂ ಹೀಗಿತ್ತೇ? ಹಲ್ಲು ಕಿತ್ತಾಗ ರಕ್ತ ನಿಲ್ಲಲಿಲ್ಲವೇ?’ ಎಂದು ಕೇಳಲೇಬೇಕು. ರಕ್ತ ಸುರಿದ ಮೇಲೆ ಕೊಡುವುದಕ್ಕಿಂತ ಸುರಿಯುವ ಮೊದಲೇ ನಿಯಮಿತವಾಗಿ ಕೊಟ್ಟರೆ ಕೀಲು ಉಳಿಯುತ್ತದೆ ಎಂಬುದು 2007ರಲ್ಲಿ 65 ಪುಟ್ಟ ಹುಡುಗರ ಮೇಲಿನ ಅಮೆರಿಕದ ಅಧ್ಯಯನದಲ್ಲಿ ಸಾಬೀತಾಯಿತು. ಆರು ವರ್ಷ ತುಂಬುವಾಗ ನಿಯಮಿತವಾಗಿ ಪಡೆದವರಲ್ಲಿ ಶೇ. 93ರಷ್ಟು ಹುಡುಗರ ಕೀಲು ಎಂಆರ್‌ಐನಲ್ಲಿ ಚೆನ್ನಾಗಿತ್ತು, ರಕ್ತ ಸುರಿದಾಗ ಮಾತ್ರ ಪಡೆದವರಲ್ಲಿ ಶೇ. 55. ಚರ್ಮದಡಿಗೆ ಚುಚ್ಚುವ ಎಮಿಸಿಜುಮ್ಯಾಬ್ ಬಂದ ಮೇಲೆ ಎಂಟನೆಯ ಅಂಶದ ಕೊರತೆಯವರಿಗೆ ಈ ನಿಯಮಿತ ಚಿಕಿತ್ಸೆ ಸುಲಭವಾಗಿದೆ. ಬೆಲೆಯೊಂದೇ ಭಾರ. ಸರ್ಕಾರ ಹೊರಬೇಕಾದ ಭಾರ ಅದು, ಏಕೆಂದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹಿಮೋಫಿಲಿಯಾವನ್ನೂ ಪಟ್ಟಿಯಲ್ಲಿ ಸೇರಿಸಿದೆ.

ನೀರು ಎಲ್ಲವನ್ನೂ ಹೇಳುವುದಿಲ್ಲ. 2006ರ ಚಿಕುನ್‌ಗುನ್ಯ ನೆನಪಿರುವವರಿಗೆ ಅದು ಗೊತ್ತು. ಆ ವರ್ಷ ಕರ್ನಾಟಕದಲ್ಲಿ ಏಳೂವರೆ ಲಕ್ಷಕ್ಕೂ ಹೆಚ್ಚು ಶಂಕಿತ ಪ್ರಕರಣಗಳು ದಾಖಲಾದವು, ದಾವಣಗೆರೆ ಜಿಲ್ಲೆಯೂ ಬಾಧಿತ ಜಿಲ್ಲೆಗಳ ಸಾಲಿನಲ್ಲಿತ್ತು. ಮನೆಮನೆಯಲ್ಲೂ ಬೆರಳು, ಮಣಿಕಟ್ಟು, ಹರಡು ಹಿಡಿದುಕೊಂಡು ತಿಂಗಳುಗಟ್ಟಲೆ ನರಳಿದರು. ಅಲ್ಲಿ ಉತ್ತರ ಕೊಡುವುದು ರಕ್ತಪರೀಕ್ಷೆ ಮತ್ತು ಊರಿನ ಸುದ್ದಿ. ಜಗಳೂರು ಕಡೆಯ ಕೊಳವೆಬಾವಿಗಳ ಫ್ಲೋರೈಡ್ ಕೂಡ ಹಾಗೆಯೇ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದವರ ಬೆನ್ನು ಬಿದಿರಿನಷ್ಟು ಬಿಗಿಯಾಗುತ್ತದೆ, ಕೀಲುಗಳು ಮಡಿಸಲಾಗದಂತಾಗುತ್ತವೆ. ಮುಂಗೈಯ ಎರಡು ಮೂಳೆಗಳ ನಡುವಿನ ಪೊರೆ ಗಟ್ಟಿಯಾಗಿರುವುದು ಎಕ್ಸ್‌ರೇಯಲ್ಲಿ ಕಂಡರೆ ಬೇರೆ ಸಾಕ್ಷಿ ಬೇಡ. ಇದಕ್ಕೆ ಗುಳಿಗೆಯಿಲ್ಲ, ಕುಡಿಯುವ ನೀರು ಬದಲಾಗಬೇಕು. ತುಂಗಭದ್ರೆಯ ನೀರನ್ನು ಎತ್ತಿ ಜಗಳೂರಿನ 57 ಕೆರೆಗಳಿಗೆ ಹರಿಸುವ ಯೋಜನೆಯನ್ನು ಬರೀ ನೀರಾವರಿ ಎಂದು ನೋಡದೆ ಮೂಳೆ ಕೀಲುಗಳ ದೃಷ್ಟಿಯಿಂದಲೂ ನೋಡಬಹುದೆಂದು ನನಗೆ ಅನಿಸುತ್ತದೆ.

ಪಕ್ಕದ ಶಿವಮೊಗ್ಗ ಜಿಲ್ಲೆಯ ಹಂದಿಗೋಡು ಇನ್ನೊಂದು ಪಾಠ. ಸಾಗರದ ಬಳಿಯ ಆ ಹಳ್ಳಿಯಲ್ಲಿ 1975ರ ಸುಮಾರಿಗೆ ದಲಿತ ಕೃಷಿಕೂಲಿ ಕುಟುಂಬಗಳಲ್ಲಿ ಸೊಂಟ ಮೊಣಕಾಲು ಹಾಳಾಗಿ, ಕೊನೆಗೆ ಕೈಕಾಲೂರಿ ತೆವಳುವ ರೋಗವೊಂದು ಬೆಳಕಿಗೆ ಬಂತು. ಗದ್ದೆಯ ಏಡಿ, ಮೀನಿನಲ್ಲಿ ಸೇರಿದ ಕೀಟನಾಶಕದ ಮೇಲೆ ಮೊದಲ ಅನುಮಾನ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಭಟ್ ಮತ್ತು ಕೃಷ್ಣಮಾಚಾರಿ 1977ರಲ್ಲಿ ಮಲೆನಾಡಿನ ಕೌಟುಂಬಿಕ ಸಂಧಿರೋಗ ಎಂದು ಇದನ್ನು ವರ್ಣಿಸಿದರು. ಮುಂದೆ 1990ರ ದಶಕದ ಅಧ್ಯಯನಗಳು ಇದು ವಂಶವಾಹಿಯಲ್ಲಿ ಬರುವ ಮೂಳೆ ಬೆಳವಣಿಗೆಯ ದೋಷವೆಂದು ತೋರಿಸಿದವು. ಅಲ್ಲಿ ರೋಗದ ಗುರುತು ಸಿಕ್ಕಿದ್ದು ಎಕ್ಸ್‌ರೇಗಳಲ್ಲಿ, ವಂಶಾವಳಿಯ ಚಾರ್ಟುಗಳಲ್ಲಿ. ಬಡವರ ಕೀಲುನೋವನ್ನು ಯಾರಾದರೂ ಕೂತು ದಾಖಲಿಸಿದರೆ ಮಾತ್ರ ಅದು ರೋಗವೆಂದು ಗುರುತಾಗುತ್ತದೆ ಎಂಬುದಕ್ಕೂ ಹಂದಿಗೋಡು ಸಾಕ್ಷಿ.

ರುಮಟಾಯ್ಡ್ ಸಂಧಿವಾತದ ಬಗ್ಗೆ ಇಲ್ಲಿ ಚಿಕ್ಕದಾಗಿ ಹೇಳುತ್ತೇನೆ. ಮಾಳವೀಯ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದ ಉತ್ತರ ಭಾರತದ ಗ್ರಾಮೀಣ ಸಮೀಕ್ಷೆಯಲ್ಲಿ ವಯಸ್ಕರಲ್ಲಿ ಶೇ. 0.75 ಜನರಿಗೆ ಇತ್ತು. ಎರಡೂ ಕೈಯ ಸಣ್ಣ ಕೀಲುಗಳು ಊದಿ ಬೆಳಿಗ್ಗೆ ಗಂಟೆಗಟ್ಟಲೆ ಬಿಗಿಯಾಗಿರುವ ಹೆಂಗಸಿಗೆ ಮೂರು ತಿಂಗಳೊಳಗೆ ಮೆಥೊಟ್ರೆಕ್ಸೇಟ್ ಶುರುವಾದರೆ ಬೆರಳು ಉಳಿಯುತ್ತವೆ. ಅದು ವಾರಕ್ಕೊಮ್ಮೆ ನುಂಗುವ ಗುಳಿಗೆ. ತಪ್ಪಿ ದಿನವೂ ನುಂಗಿದರೆ ಮಜ್ಜೆ ಬತ್ತಿ ಪ್ರಾಣ ಹೋಗಬಹುದು. ಚೀಟಿಯಲ್ಲಿ ವಾರವನ್ನು ಹೆಸರಿಸಿ, ‘ಸೋಮವಾರ ಮಾತ್ರ’ ಎಂದು ಕನ್ನಡದಲ್ಲಿ ಬರೆಯಬೇಕು. ಈ ರೋಗಿಗಳೇ ಹೆಸರಿಲ್ಲದ ಪುಡಿ, ಗುಳಿಗೆಗಳಿಗೂ ಬಲಿಯಾಗುವುದು. ಮೂರೇ ದಿನದಲ್ಲಿ ನೋವು ಮಾಯವಾಗಿ, ಆರು ತಿಂಗಳಲ್ಲಿ ಮುಖ ದುಂಡಗಾಗಿ, ಸಕ್ಕರೆ ಏರಿ, ಚರ್ಮ ತೆಳ್ಳಗಾದರೆ ಆ ಪುಡಿಯಲ್ಲಿ ಸ್ಟೀರಾಯ್ಡ್ ಬೆರೆಸಿರುವ ಸಾಧ್ಯತೆ ಬಲವಾಗಿದೆ. ತಿಳಿದ ಕೂಡಲೇ ಒಮ್ಮೆಲೇ ನಿಲ್ಲಿಸುವುದೂ ಅಪಾಯ, ವೈದ್ಯರ ಬಳಿ ಆ ಪುಡಿಯನ್ನೇ ತೆಗೆದುಕೊಂಡು ಹೋಗಬೇಕು.

ಇನ್ನು ಸವೆತ. ಸಂಖ್ಯೆಯಲ್ಲಿ ಇದೇ ದೊಡ್ಡದು. 2016ರಲ್ಲಿ ಪ್ರಕಟವಾದ ಭಾರತೀಯ ಸಮೀಕ್ಷೆಯೊಂದರಲ್ಲಿ ನಲವತ್ತು ದಾಟಿದವರಲ್ಲಿ ಶೇ. 28.7ರಷ್ಟು ಜನರ ಮೊಣಕಾಲು ಸವೆದಿತ್ತು. ಊತವಿಲ್ಲದ, ವಯಸ್ಸಾದ, ಮೆಟ್ಟಿಲಿಳಿಯುವಾಗ ನೋಯುವ ಇಂಥ ಮೊಣಕಾಲಿಗೆ ನೀರಿನ ಪರೀಕ್ಷೆ ಬೇಕಿಲ್ಲ. ಬೇಕಾಗಿರುವುದು ತೊಡೆಯ ಮುಂಭಾಗದ ಸ್ನಾಯುವಿನ ವ್ಯಾಯಾಮ, ತೂಕ ಇಳಿಕೆ, ನೋವಿನ ಮುಲಾಮು, ನೆಲದ ಬದಲು ಕುರ್ಚಿ. ಒಂದು ಕಿಲೋ ತೂಕ ಇಳಿದರೆ ಪ್ರತಿ ಹೆಜ್ಜೆಗೆ ಮೊಣಕಾಲಿನ ಮೇಲಿನ ಹೊರೆ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ. ಬಿಪಿ ಗುಳಿಗೆ ತೆಗೆದುಕೊಳ್ಳುವವರು ದಿನಾ ಡೈಕ್ಲೋಫಿನಾಕ್ ನುಂಗುತ್ತಾ ಮೂತ್ರಪಿಂಡ ಕಳೆದುಕೊಳ್ಳಬಾರದು.

ಸವೆತಕ್ಕೆ ಮಾರುವ ಚುಚ್ಚುಮದ್ದುಗಳ ಸಾಕ್ಷಿ ಏನೆಂದು ಓದುಗರಿಗೆ ತಿಳಿದಿರಲಿ. ಸ್ಟೀರಾಯ್ಡ್ ಕೆಲವು ವಾರ ಆರಾಮ ಕೊಡುತ್ತದೆ. ಮೂರು ತಿಂಗಳಿಗೊಮ್ಮೆ ಎರಡು ವರ್ಷ ಹಾಕಿದವರಲ್ಲಿ ಸಲೈನ್ ಹಾಕಿದವರಿಗಿಂತ ನೋವೇನೂ ಕಡಿಮೆಯಿರಲಿಲ್ಲ, ಮೃದ್ವಸ್ಥಿ ಮಾತ್ರ ಹೆಚ್ಚು ಸವೆದಿತ್ತು ಎಂದು 2017ರ ಅಧ್ಯಯನ ತೋರಿಸಿತು. ‘ಗ್ರೀಸ್ ಇಂಜೆಕ್ಷನ್’ ಎಂದು ಕರೆಯುವ ಹೈಯಲುರಾನಿಕ್ ಆಮ್ಲದ ಲಾಭ ರೋಗಿಗೆ ಗೊತ್ತಾಗದಷ್ಟು ಚಿಕ್ಕದೆಂದು 2022ರ ದೊಡ್ಡ ವಿಶ್ಲೇಷಣೆ ಹೇಳಿತು. ರೋಗಿಯದೇ ರಕ್ತದಿಂದ ತಯಾರಿಸುವ ಪಿಆರ್‌ಪಿ 288 ಜನರ ಆಸ್ಟ್ರೇಲಿಯಾದ ಅಧ್ಯಯನದಲ್ಲಿ, 2021ರಲ್ಲಿ, ಸಲೈನ್‌ಗಿಂತ ಮೇಲಾಗಲಿಲ್ಲ. ಸಾಲ ಮಾಡಿ ಇವನ್ನು ಹಾಕಿಸಿಕೊಳ್ಳಬೇಡಿ ಎಂದು ನಾನು ಹೇಳುತ್ತೇನೆ. ಆ ಹಣದಲ್ಲಿ ಆರು ತಿಂಗಳ ಫಿಸಿಯೋಥೆರಪಿ ಆಗುತ್ತದೆ.

ಪೂರ್ತಿ ಸವೆದು ರಾತ್ರಿ ನಿದ್ದೆ ಕೆಡಿಸುವ ಮೊಣಕಾಲಿಗೆ ಕೀಲು ಬದಲಾವಣೆ ಒಳ್ಳೆಯ ಶಸ್ತ್ರಚಿಕಿತ್ಸೆ. 2017ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಕೃತಕ ಮೊಣಕಾಲಿನ ಬೆಲೆಗೆ ಮಿತಿ ಹಾಕಿದಾಗ ಸಾಮಾನ್ಯ ಕೋಬಾಲ್ಟ್ ಕ್ರೋಮಿಯಂ ಕೀಲಿಗೆ 54,720 ರೂಪಾಯಿ ನಿಗದಿಯಾಯಿತು. ಹಾಗೆ ಬದಲಾಯಿಸಿಕೊಂಡು ಊರಿಗೆ ಮರಳಿದವರು ನೆನಪಿಡಬೇಕಾದ ವಿಷಯವೊಂದಿದೆ. ಬದಲಾಯಿಸಿದ ಮೊಣಕಾಲು ವರ್ಷಗಳ ಮೇಲೆ ಊದಿದರೆ ಹತ್ತಿರದ ಅಂಗಡಿಯ ಆಂಟಿಬಯಾಟಿಕ್ ನುಂಗಬಾರದು, ಅದಕ್ಕೆ ಯಾವ ಇಂಜೆಕ್ಷನ್ನೂ ಹಾಕಿಸಬಾರದು. ಶಸ್ತ್ರಚಿಕಿತ್ಸೆ ಮಾಡಿದ ತಂಡವೇ ಆಪರೇಷನ್ ಥಿಯೇಟರ್‌ನ ಶುಚಿತ್ವದಲ್ಲಿ ನೀರು ತೆಗೆಯಬೇಕು. ಸಹಜ ಕೀಲಿನ ಲೆಕ್ಕ ಇಲ್ಲಿ ನಡೆಯುವುದಿಲ್ಲ, ಬಿಳಿಕಣ 3,000 ದಾಟಿದರೇ ಸೋಂಕಿನ ಅನುಮಾನ. ಎರಡು ದಿನದ ಗುಳಿಗೆ ಹೊಟ್ಟೆಗೆ ಹೋಗಿದ್ದರೂ ಕಲ್ಚರ್‌ನಲ್ಲಿ ರೋಗಾಣು ಬೆಳೆಯದೆ ಹೋಗಬಹುದು. ಆಗ ಯಾವ ಔಷಧ ಕೊಡಬೇಕೆಂಬುದೇ ತಿಳಿಯದೆ ಹಾಕಿದ ಕೀಲನ್ನು ಹೊರತೆಗೆಯಬೇಕಾಗಿ ಬಂದೀತು.